ಮೇಜಿನ ಮೇಲಿನ ದೂರು

ತಕ್ಕಡಿ ಸಾಹೇಬರ ಅನುಮಾನ ಹುಟ್ಟುಗುಣವೋ ನೌಕರಿಯಿಂದ ಬಂದದ್ದೋ, ಅವರ ಹೆತ್ತ ತಾಯಿಗೂ ಹೇಳಲಾಗುತ್ತಿರಲಿಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇನ್ಸ್‌ಪೆಕ್ಟರು. ಅಂಗಡಿಗೆ ನುಗ್ಗಿ ತಕ್ಕಡಿಯ ತಟ್ಟೆ ಮಗುಚಿ ಅಯಸ್ಕಾಂತ ಅಂಟಿಸಿದ್ದಾರೋ ನೋಡುವುದು, ಬಟ್ಟೆಯಂಗಡಿಯ ಮೀಟರ್ ಕೋಲನ್ನು ತಮ್ಮ ಕೋಲಿನ ಪಕ್ಕ ಹಿಡಿದು ಕಣ್ಣು ಕಿರಿದು ಮಾಡುವುದು, ಇದೇ ಕೆಲಸ. ಯಾರು ಟೀ ಕೊಟ್ಟರೂ ಕುಡಿಯುತ್ತಿರಲಿಲ್ಲ. ಟೀ ಕುಡಿಯದವನ ಹತ್ತಿರ ಕೂತು ಮಾತಾಡುವವರು ಯಾರು? ಊರಿನ ಅರ್ಧ ಜನಕ್ಕೆ ಅವರ ಗುರುತಿತ್ತು, ಸ್ನೇಹ ಮಾತ್ರ ಒಬ್ಬರಿಗೂ ಇರಲಿಲ್ಲ.

ಅವರ ಪಾಲಿಗೆ ಇದ್ದದ್ದು ಭಾನುವಾರ ಮಧ್ಯಾಹ್ನದ ಮೇಜು. ಅಲ್ಲಿ ಹನ್ನೊಂದು ವರ್ಷದಿಂದ ನಾಲ್ಕು ಜನ ಕೂತು ‘ನೆರೆ’ ಎಂಬ ಹಲಗೆ ಆಟ ಆಡುತ್ತಿದ್ದರು. ಸಾಹೇಬರು, ಅವರ ಹೆಂಡತಿ, ಸಿಟಿ ಬಸ್ ಓಡಿಸುವ ತಮ್ಮ, ಎದುರು ಮನೆಯ ದರ್ಜಿ. ಹಲಗೆಯ ಮೇಲೊಂದು ಊರು. ಪ್ರತಿ ಸರದಿಗೂ ಒಂದು ಮಳೆ ಕಾರ್ಡು ಎತ್ತಿದರೆ ನೀರು ಏರುತ್ತದೆ. ಒಬ್ಬರು ಪಂಪು ನಡೆಸಬೇಕು, ಒಬ್ಬರು ದೋಣಿ, ಒಬ್ಬರು ಸೇತುವೆ, ಒಬ್ಬರು ಆಸ್ಪತ್ರೆ. ಗೆದ್ದರೆ ನಾಲ್ವರೂ ಗೆದ್ದರು, ಮುಳುಗಿದರೆ ನಾಲ್ವರೂ ಮುಳುಗಿದರು. ವಾರದ ಆರು ದಿನ ಜನರ ಎದುರು ಬದಿಯಲ್ಲೇ ನಿಲ್ಲುವ ಮನುಷ್ಯನಿಗೆ ಅಲ್ಲಿ ಮಾತ್ರ ಮೂವರು ತನ್ನ ಬದಿಯಲ್ಲಿ ಕೂರುತ್ತಿದ್ದರು. ಸಾಹೇಬರು ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಆ ಎರಡು ಗಂಟೆಗಾಗಿಯೇ ಅವರು ವಾರ ತಳ್ಳುತ್ತಿದ್ದರು.

ಆಟದ ಪುಸ್ತಕದಲ್ಲಿ ಪಾಲಿಗೆ ಬಂದ ನಡೆಯ ಕಾರ್ಡನ್ನು ಅವರವರೇ ಮುಚ್ಚಿಟ್ಟುಕೊಳ್ಳಬೇಕು ಎಂದಿದೆ. ಸಾಹೇಬರು ಮೊದಲ ದಿನವೇ ಆ ನಿಯಮಕ್ಕೆ ಗೆರೆ ಎಳೆದರು. “ಮುಚ್ಚಿಟ್ಟದ್ದು ಅಂದ್ರೇನೇ ಮೋಸ. ಎಲ್ಲಾ ತೆಗೆದಿಡಿ ಮೇಜಿನ ಮೇಲೆ.” ಅಂದಿನಿಂದ ನಾಲ್ವರ ಕಾರ್ಡೂ ಅಂಗಾತ. ಸಾಹೇಬರು ನಾಲ್ಕನ್ನೂ ಓದುತ್ತಿದ್ದರು, ತಮ್ಮನ ದೋಣಿ ಎಲ್ಲಿಗೆ ಹೋಗಬೇಕು, ದರ್ಜಿಯ ಸೇತುವೆ ಎಲ್ಲಿ ಏಳಬೇಕು ಎಂದು ಬೆರಳು ತೋರಿಸುತ್ತಿದ್ದರು. ಹೆಂಡತಿ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನ ಹಿರಿಯ ನರ್ಸು. ಸರ್ಜನ್ನನಿಗೇ “ಹೊಲಿಗೆ ಆಮೇಲೆ, ಮೊದಲು ಒಳಗಿಟ್ಟ ಹತ್ತಿ ಎಣಿಸಬೇಕು” ಎಂದು ಕೈ ಹಿಡಿದು ನಿಲ್ಲಿಸುವ ಹೆಂಗಸು. ಭಾನುವಾರ ಮಾತ್ರ ಗಂಡ ತೋರಿಸಿದ ಚೌಕಕ್ಕೆ ಪಂಪು ತಳ್ಳುತ್ತಿದ್ದಳು. ಪಂಪಿನ ಗೊಂಬೆ ಎಂದೋ ಕಳೆದುಹೋಗಿ ಅದರ ಜಾಗದಲ್ಲಿ ಔಷಧಿ ಬಾಟಲಿಯ ನೀಲಿ ಮುಚ್ಚಳ ಇತ್ತು.

ಹೀಗಿರುವಾಗ ಆ ಆಟ ಫೋನಿಗೆ ಬಂತು. ತಮ್ಮನೇ ಎಲ್ಲರ ಫೋನಿಗೂ ಹಾಕಿಕೊಟ್ಟ. ಸಾಹೇಬರು ಒಬ್ಬರೇ ಆಡಿದರು, ಜೊತೆಗೆ ಫೋನೇ ಮೂವರಾಗಿ ಆಡಿತು, ಆ ಮೂವರ ಕಾರ್ಡು ತೋರಿಸಲಿಲ್ಲ. ಊರು ಮುಳುಗಿತು. ಒಂಬತ್ತು ಸಲ ಆಡಿದರು, ಒಂಬತ್ತು ಸಲವೂ ಮುಳುಗಿತು.

“ಇದರಲ್ಲಿ ಮೋಸ ಇದೆ,” ಎಂದರು ಸಾಹೇಬರು. “ಕಾರ್ಡು ಕಲಸೋದು ಯಾರು? ಅದೇ. ಹಂಚೋದು ಯಾರು? ಅದೇ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತು.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ,” ಎಂದು ತಮ್ಮ ನಕ್ಕ.

ಸಾಹೇಬರು ನಗಲಿಲ್ಲ. ನೋಟ್‌ಬುಕ್ ತೆರೆದು ಯಾವ ಸರದಿಗೆ ಯಾವ ಕಾರ್ಡು ಬಂತೆಂದು ಬರೆಯತೊಡಗಿದರು. ಅಷ್ಟಕ್ಕೇ ಬಿಡದೆ, ಆ ಆಟದ ಬಗ್ಗೆ ಆಡಿದವರು ಬರೆದ ಅಭಿಪ್ರಾಯಗಳನ್ನೂ ಓದತೊಡಗಿದರು, ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಸಂಜೆ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ. ನೂರಾರಿದ್ದವು. ಒಬ್ಬ ಮಳೆಯ ಸದ್ದು ಜೋರಾಯಿತು, ಆಡುವಾಗೆಲ್ಲ ಬಚ್ಚಲಿಗೆ ಓಡುವ ಹಾಗಾಗುತ್ತದೆ ಎಂದು ಬರೆದಿದ್ದ. ಇನ್ನೊಬ್ಬಳು ಹೊಸ ಪೆಟ್ಟಿಗೆಯ ವಾಸನೆ ಇಲ್ಲದೆ ಇದೆಂಥ ಆಟ ಎಂದಿದ್ದಳು. ನಡೆ ಹಿಂತೆಗೆಯುವ ಗುಂಡಿ ಕೊಟ್ಟದ್ದು ಶುದ್ಧ ಹೇಡಿತನ ಎಂದು ಮತ್ತೊಬ್ಬನ ಕೂಗು. ‘ಕಾರ್ಡು ಬೇಕಂತಲೇ ಜೋಡಿಸುತ್ತಾರೆ’ ಎಂದವರೂ ಹತ್ತಾರು ಜನ ಇದ್ದರು. ಸಾಹೇಬರಿಗೆ ಅವರು ಕಳೆದುಹೋದ ನೆಂಟರು ಸಿಕ್ಕಷ್ಟು ಹಿತವಾದರು.

ಒಂದು ಬುಧವಾರ, ಕಚೇರಿಯ ಊಟದ ಕೋಣೆಯಲ್ಲಿ, ಅವರ ತುತ್ತು ಕೈಯಲ್ಲೇ ನಿಂತಿತು. ಹೆಸರಿಲ್ಲದ ಯಾರೋ ಬರೆದಿದ್ದರು:

‘ಐದಕ್ಕೆ ಐದು ನಕ್ಷತ್ರ. ನಾವು ನಾಲ್ಕು ಜನ ಪ್ರತಿ ಭಾನುವಾರ ಪೆಟ್ಟಿಗೆಯ ಆಟ ಆಡುತ್ತೇವೆ. ಪಂಪಿನ ಬದಲು ನೀಲಿ ಮುಚ್ಚಳ ಇಟ್ಟುಕೊಂಡಿದ್ದೇವೆ. ನಮ್ಮಲ್ಲಿ ಒಬ್ಬರೇ ನಾಲ್ವರ ಆಟವನ್ನೂ ಆಡುತ್ತಾರೆ. ಉಳಿದ ಮೂವರದು ಗೊಂಬೆ ತಳ್ಳುವ ಕೆಲಸ. ಫೋನಿನಲ್ಲಿ ನನ್ನ ಕಾರ್ಡು ನನಗೆ ಮಾತ್ರ ಕಾಣುತ್ತದೆ. ಮೊದಲ ದಿನ ಸೋತೆ, ಆದರೆ ಸೋತದ್ದು ನಾನೇ ಎಂದು ಖುಷಿಯಾಯಿತು. ಇನ್ನು ಭಾನುವಾರ ಮೇಜಿಗೆ ಹೋಗುವುದು ಬೇಡವೆಂದೇ ಅನ್ನಿಸುತ್ತಿದೆ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಸಾಹೇಬರದಾಯಿತು. ಆದರೆ ಅಭ್ಯಾಸಬಲ ನೋಡಿ, ತಾನು ಕದ್ದೆನೇ ಎಂಬ ಪ್ರಶ್ನೆ ಅವರಿಗೆ ಹುಟ್ಟಲೇ ಇಲ್ಲ. ಚಾಡಿ ಹೇಳಿದವನು ಯಾರು ಎಂಬುದೊಂದೇ ಹುಟ್ಟಿತು. ದರ್ಜಿಯೇ? ಸುಳ್ಳು ಅಳತೆ ಹಿಡಿದಿದ್ದೀಯ ಎಂದು ಅವನ ಟೇಪನ್ನೇ ಒಮ್ಮೆ ಕತ್ತರಿಸಿ ಹಾಕಿದ್ದುಂಟು. ತಮ್ಮನೇ? ಒಡಹುಟ್ಟಿದವರ ಹೊಟ್ಟೆಯಲ್ಲಿ ಏನಿದೆಯೆಂದು ಯಾರು ಬಲ್ಲರು? ಹೆಂಡತಿಯ ಮೇಲೆ ಅನುಮಾನ ಬರಲಿಲ್ಲ, ಅವಳಿಗೆ ಫೋನು ಮುಟ್ಟಲು ಪುರಸೊತ್ತೆಲ್ಲಿ? ಹೀಗೆ ಮೂರು ದಿನ ಒಳಗೊಳಗೇ ಬೆಂದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಹೆದರಿಕೆಯಾಗಿತ್ತು. ಒಬ್ಬ ಎದ್ದುಹೋದರೆ ಆ ಮೇಜು ಮುಗಿದಂತೆಯೇ.

ಅಂಗಡಿಗಳಲ್ಲಿ ಅವರದೊಂದು ಹಳೆಯ ಉಪಾಯವಿತ್ತು. ಕಳ್ಳ ತೂಕದ ಬೊಟ್ಟು ಸಿಗದಿದ್ದರೆ ಹುಡುಕುವುದು ಬಿಟ್ಟು, ಬೆನ್ನು ತಿರುಗಿಸಿ ಬೀದಿ ನೋಡುತ್ತ ನಿಲ್ಲುವುದು. ಸಾಹೇಬ ನೋಡುತ್ತಿಲ್ಲ ಎಂದು ಗೊತ್ತಾದ ಕೂಡಲೇ ಬೊಟ್ಟು ತಾನಾಗಿ ಹೊರಗೆ ಬರುತ್ತದೆ. ಭಾನುವಾರ ಅದನ್ನೇ ಹೂಡಿದರು.

“ಗಂಟಲು ಕೆಟ್ಟಿದೆ. ಇವತ್ತು ನಾನು ಮಾತಾಡಲ್ಲ. ಕಾರ್ಡು ಬೇಕಾದ್ರೆ ಮುಚ್ಚಿಟ್ಕೊಳ್ಳಿ,” ಎಂದರು. ಹೇಳಿಸಿಕೊಳ್ಳದೆ ಯಾರು ಸಲೀಸಾಗಿ ಆಡುತ್ತಾರೋ ಅವರೇ ಫೋನಿನಲ್ಲಿ ಪಳಗಿದವರು, ಬರೆದವರೂ ಅವರೇ, ಎಂಬುದು ಲೆಕ್ಕಾಚಾರ.

ಮೂವರೂ ಮುಖ ಮುಖ ನೋಡಿಕೊಂಡು ಕಾರ್ಡು ಬೋರಲು ಹಾಕಿದರು. ಮೂವರೂ ಸಲೀಸಾಗಿ ಆಡಿದರು. ದರ್ಜಿ ಯಾರನ್ನೂ ಕೇಳದೆ ಸೇತುವೆ ಎಬ್ಬಿಸಿದ. ತಮ್ಮ “ಅತ್ತಿಗೆ, ನೀವು ಶಾಲೆ ನೋಡ್ಕೊಳ್ಳಿ, ಸಂತೆಬೀದಿ ನನಗಿರಲಿ” ಎಂದ. ಹೆಂಡತಿ ನೀಲಿ ಮುಚ್ಚಳವನ್ನು ಸಾಹೇಬರು ಎಂದೂ ಕಳಿಸದ ಮೂಲೆಗೆ ತಳ್ಳಿದಳು, ನೀರು ಎರಡು ಗೆರೆ ಇಳಿಯಿತು. ಮೂವರೂ ಒಟ್ಟಿಗೆ ಹೋ ಎಂದರು. ಆ ಸದ್ದನ್ನು ಈ ಮನೆಯಲ್ಲಿ ಸಾಹೇಬರು ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ.

“ನಿಮ್ಮ ಸರದಿ,” ಎಂದಳು ಹೆಂಡತಿ.

ಸಾಹೇಬರು ಮೂವರ ಮುಖ ಅಳೆಯುವುದರಲ್ಲೇ ಮುಳುಗಿದ್ದರು, ತಮ್ಮೆದುರಿಗಿದ್ದ ಕಾರ್ಡನ್ನು ಎತ್ತಿ ಕೂಡ ನೋಡಿರಲಿಲ್ಲ. ತಡೆಯಲಾಗಲಿಲ್ಲ. “ಬರೆದದ್ದು ಯಾರು?” ಎಂದುಬಿಟ್ಟರು.

ದರ್ಜಿ ಅಂಗಿಯ ಮೇಲಿಲ್ಲದ ದಾರ ಕೀಳತೊಡಗಿದ. ತಮ್ಮ ಫ್ಯಾನು ನೋಡಿದ.

“ನಾನು,” ಎಂದಳು ಹೆಂಡತಿ.

“ನೀನಾ? ನನ್ನ ಹತ್ರಾನೇ ಹೇಳಬಹುದಿತ್ತಲ್ಲ!”

“ಹೇಳಿದ್ದೆ. ಎಷ್ಟೋ ಸಲ ಹೇಳಿದ್ದೆ. ಪ್ರತಿ ಸಲಾನೂ ‘ಆಯ್ತು, ಮೊದಲು ಪಂಪು ಈ ಕಡೆ ತಳ್ಳು’ ಅಂದ್ರಿ. ಬರೆದು ಕೊಟ್ಟ ದೂರನ್ನಾದ್ರೆ ನೀವು ಕೊನೇ ಸಾಲಿನ ತನಕ ಓದ್ತೀರ. ದಿನಾ ನನ್ನ ಪಕ್ಕದಲ್ಲೇ ಕೂತು ಅಲ್ಲಿ ಓದ್ತಾ ಇದ್ರಲ್ಲ. ಅದಕ್ಕೇ ಅಲ್ಲಿ ಬರೆದೆ.”

ಇಪ್ಪತ್ತೊಂಬತ್ತು ವರ್ಷ ಊರವರ ದೂರು ತೆಗೆದುಕೊಂಡ ಮನುಷ್ಯ, ಮನೆಯವಳು ದೂರು ಕೊಡಲು ಊರು ಸುತ್ತಿ ಬರಬೇಕಾಯಿತಲ್ಲ ಎಂದು ನಾಚಿಕೆಪಟ್ಟರು. ಕೊನೆಗೆ ತಮ್ಮದೇ ಕಾರ್ಡು ಎತ್ತಿದರು. ಮೂರಿದ್ದವು. ಉಳಿದವರ ಕಾರ್ಡು ಕಾಣದೆ ಆ ಮೂರು ಯಾತಕ್ಕೂ ಸಾಲವೆನಿಸಿತು.

“ಏನು ಮಾಡಲಿ?” ಎಂದು ಮೆಲ್ಲಗೆ ಕೇಳಿದರು.

ಯಾರೂ ಬೆರಳು ತೋರಿಸಲಿಲ್ಲ. “ಯೋಚನೆ ಮಾಡಿ, ಅವಸರ ಇಲ್ಲ,” ಎಂದಳು ಹೆಂಡತಿ.

ಅವರು ಬಹಳ ಹೊತ್ತು ಯೋಚಿಸಿ ನೀರು ತಡೆಯಲು ತಮ್ಮ ಪಾಲಿನ ಆಸ್ಪತ್ರೆಯ ಗೋಡೆ ಬಿಟ್ಟು ಉಗ್ರಾಣದ ಗೋಡೆ ಎತ್ತಿಸಿದರು. ತಪ್ಪು ನಡೆ. ಮುಂದಿನ ಮಳೆ ಕಾರ್ಡಿಗೇ ಆಸ್ಪತ್ರೆ ಮುಳುಗಿತು, ಅದರ ಹಿಂದೆ ಊರೂ ಮುಳುಗಿತು. ಗೆಲ್ಲುವ ಆಟವನ್ನು ಅವರೊಬ್ಬರೇ ಕೆಡಿಸಿದ್ದರು. ತಲೆ ತಗ್ಗಿಸಿ ಬೈಗುಳಕ್ಕೆ ಕಾದರು; ಉಳಿದವರ ಜಾಗದಲ್ಲಿ ತಾವಿದ್ದರೆ ಏನು ಹೇಳುತ್ತಿದ್ದರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೈಗುಳ ಬರಲಿಲ್ಲ, ಯಾರೂ ಏಳಲೂ ಇಲ್ಲ. ಹೆಂಡತಿ ಕಾರ್ಡುಗಳನ್ನೆಲ್ಲ ಬಾಚಿ ಕಲಸಿದಳು, ಮತ್ತೆ ನಾಲ್ಕು ಪಾಲು ಹಂಚಿದಳು.