ವೀಡಿಯೋ ಶಿವಕ್ಕ

ನಾಯಂಡಹಳ್ಳಿಯ ಹಳೇ ಊರಿನೊಳಗೆ ಹೋಗಿ ಶಿವಕ್ಕ ಅಂದರೆ ಯಾವ ಶಿವಕ್ಕ ಎಂದು ಕೇಳುತ್ತಾರೆ. ವೀಡಿಯೋ ಶಿವಕ್ಕ ಅಂದರೆ ಸಾಕು, ಸಿಮೆಂಟ್ ಅಂಗಡಿ ರಾಮಯ್ಯನ ಅಕ್ಕ ತಾನೇ ಎಂದು ಮನೆಯ ಬಾಗಿಲವರೆಗೂ ಬಿಟ್ಟು ಹೋಗುತ್ತಾರೆ. ಹದಿಮೂರು ವರ್ಷ ಆ ಬಳಗದ ನಾಮಕರಣ, ಸೀಮಂತ, ಗೃಹಪ್ರವೇಶ ಒಂದೂ ಅವಳ ಕೈ ತಪ್ಪಿಲ್ಲ. ಯಾವುದರಲ್ಲೂ ಅವಳ ಮುಖ ಮಾತ್ರ ಇಲ್ಲ. ಕ್ಯಾಮೆರಾ ಹಿಡಿದವರ ಮುಖ ಎಲ್ಲಿಂದ ಬರಬೇಕು?

ಅವಳ ಮದುವೆ ಬಾಳಿದ್ದು ಎರಡೇ ವರ್ಷ. ಗಂಡ ಬಿನ್ನಿಪೇಟೆಯವನು, ಕಾಮಾಲೆಯಾಗಿ ತೀರಿಕೊಂಡ. ಇಪ್ಪತ್ತೆಂಟಕ್ಕೆ ತವರಿಗೆ ಬಂದವಳು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಶರ್ಟುಗಳ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ತಮ್ಮ ರಾಮಯ್ಯನ ಹೆಂಡತಿ ಕುಸುಮಾ ಅನುವನ್ನು ಹೆತ್ತಾಗ ಆ ಮಗುವನ್ನು ಎತ್ತಿ ಆಡಿಸಿದ್ದು, ಶಾಲೆಗೆ ಬಿಟ್ಟು ಬಂದದ್ದು, ಹೇನು ಹೆಕ್ಕಿದ್ದು ಎಲ್ಲ ಇವಳೇ. ಮನೆಯಲ್ಲಿ ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಿದವರಲ್ಲ, ಅದನ್ನು ಹೇಳಲೇಬೇಕು. ಆದರೆ ಶುಭಕಾರ್ಯ ಬಂತೆಂದರೆ ಅವಳ ಜಾಗ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಅರಿಶಿನ ಹಚ್ಚುವಾಗ, ಆರತಿ ಎತ್ತುವಾಗ, ಧಾರೆ ಎರೆಯುವಾಗ ಗಂಡ ಸತ್ತವಳು ಅಡುಗೆಯವರ ಹತ್ತಿರ ಸೊಪ್ಪು ಬಿಡಿಸುತ್ತಾ ಕೂತಿರಬೇಕು. ಹೀಗೆಂದು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ. ಅಪ್ಪನ ತಂಗಿ ಮುನಿಲಕ್ಷ್ಮಮ್ಮ ಒಂದು ಸಲ ತಿರುಗಿ ನೋಡಿದರೆ ಸಾಕು, ಶಿವಕ್ಕನ ಕಾಲು ತಾನೇ ಅಡುಗೆಮನೆ ಕಡೆ ಹೋಗುತ್ತಿತ್ತು.

ಹಾಡೂ ಹಾಗೆಯೇ ಹೋಯಿತು. ಅವಳ ಅವ್ವ ಪಾಪಮ್ಮ ಸೋಬಾನೆ ಹೇಳುವುದರಲ್ಲಿ ಹೆಸರಾದವಳು. ಕೆಂಗೇರಿಯಿಂದ ಹೊಸಹಳ್ಳಿಯವರೆಗೆ ನೆಂಟರ ಮದುವೆಗಳಿಗೆಲ್ಲ ಅವಳೇ ಮುಂದು. ಲಂಗ ಉಡುತ್ತಿದ್ದಾಗಿಂದ ಶಿವಕ್ಕ ಪಕ್ಕದಲ್ಲಿ ನಿಂತು ಎಲ್ಲ ಪದವನ್ನೂ ಕಲಿತಿದ್ದಳು, ಅವ್ವನಿಗಿಂತ ಕಂಠ ಚೆನ್ನಾಗಿತ್ತು ಅನ್ನುವವರೂ ಇದ್ದರು. ಸೋಬಾನೆ ಮುತ್ತೈದೆಯರ ಪದ. ಗಂಡನ ಮಣ್ಣಾದ ಮೇಲೆ ಅವಳು ಬಟ್ಟೆ ಒಗೆಯುವಾಗ ಕೂಡ ಹಾಡಲಿಲ್ಲ.

ಕ್ಯಾಮೆರಾ ಬಂದದ್ದು ಪುಕ್ಕಟೆಯಾಗಿ. ಸಿಮೆಂಟ್ ಕಂಪನಿಯವರು ಒಂದು ವರ್ಷ ಡೀಲರುಗಳಿಗೆಲ್ಲ ಅಂಗೈಯಗಲದ ಒಂದೊಂದು ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದರು. ರಾಮಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಕ, ನೀನು ಎಸ್ಸೆಸ್ಸೆಲ್ಸಿ ಓದಿದೀಯ, ನೀನೇ ನೋಡ್ಕೋ" ಎಂದು ಅವಳ ಮಡಿಲಿಗೆ ಹಾಕಿದ. ಜೊತೆಗಿದ್ದ ಪುಸ್ತಕದಲ್ಲಿ ಹತ್ತು ಭಾಷೆಯಿತ್ತು, ಕನ್ನಡ ಇರಲಿಲ್ಲ. ಶಿವಕ್ಕ ಚಿತ್ರ ನೋಡಿಕೊಂಡು ಕಲಿತಳು. ಕುಕ್ಕರಿನ ಸೀಟಿ ಹಿಡಿದಳು, ಹಳಿಯ ಮೇಲೆ ಹೋಗುವ ರೈಲು ಹಿಡಿದಳು, ಅವ್ವ ಬೈಯುವುದನ್ನು ಹಿಡಿದು ಅವ್ವನಿಗೇ ತೋರಿಸಿ ಇನ್ನಷ್ಟು ಬೈಸಿಕೊಂಡಳು.

ತಿಂಗಳೊಪ್ಪತ್ತಿನಲ್ಲಿ ರಾಮಯ್ಯನ ಹೊಸ ಮನೆಯ ಗೃಹಪ್ರವೇಶ. ಶಿವಕ್ಕ ಕ್ಯಾಮೆರಾ ಹಿಡಿದು ಹೋಮಕುಂಡದ ಪಕ್ಕದಲ್ಲೇ ನಿಂತಳು. ಹೊಗೆಯ ಆಚೆಯಿಂದ ಮುನಿಲಕ್ಷ್ಮಮ್ಮ ಹುಬ್ಬು ಗಂಟಿಕ್ಕಿದಳು. "ಇವಳ್ಯಾಕೆ ಇಲ್ಲಿ?"

"ವೀಡಿಯೋ ತೆಗೀತಾವ್ಳೆ, ಬಿಡತ್ತೆ" ಅಂದ ರಾಮಯ್ಯ.

ಅಷ್ಟೇ. ಮುನಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ವೀಡಿಯೋಗೆ ಮುಖ ಕೊಟ್ಟಳು. ಅವತ್ತು ಶಿವಕ್ಕನಿಗೆ ಗೊತ್ತಾಯಿತು, ಈ ಡಬ್ಬಿ ಕೈಯಲ್ಲಿದ್ದರೆ ತಾನು ವಿಧವೆಯೂ ಅಲ್ಲ, ಮುತ್ತೈದೆಯೂ ಅಲ್ಲ, ಬರೀ ವೀಡಿಯೋದವಳು. ಎಲ್ಲಿ ಬೇಕಾದರೂ ನಿಲ್ಲಬಹುದು. ಗಂಡ ಹೋದ ಹದಿಮೂರು ವರ್ಷದ ಮೇಲೆ ಅವಳು ಒಂದು ಶುಭಕಾರ್ಯವನ್ನು ಮುಂದಿನಿಂದ ನೋಡಿದ್ದಳು, ರಾತ್ರಿ ಒಬ್ಬಳೇ ಸಂತೋಷಕ್ಕೆ ಅತ್ತಳು.

ಆದರೆ ಆ ವೀಡಿಯೋ ಹಾಕಿ ನೋಡಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಂತ್ರ ದೂರದಲ್ಲೆಲ್ಲೋ ಕೇಳುತ್ತಿತ್ತು, ಅದರ ಮೇಲೆ ಬುಸ್ ಬುಸ್ ಎಂದು ಶಿವಕ್ಕನ ಉಸಿರು. ಕ್ಯಾಮೆರಾದ ಕಿವಿ ಅಂದರೆ ಎರಡು ಸೂಜಿತೂತು, ಹಿಡಿದವರ ಬಾಯಿಗೆ ಗೇಣು ದೂರ. ಎದುರಿನವರಿಗಿಂತ ಹಿಂದಿನವರನ್ನೇ ಅದು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಶಿವಕ್ಕ ಕಲಿತಳು. ತೂತಿನ ಮೇಲೆ ಬೆರಳಿಡಬಾರದು, ನಡುವೆ ಝೂಮ್ ಮಾಡಿದರೆ ಗರ್ ಅನ್ನುತ್ತದೆ, ಮಾಡಬಾರದು. ಉಸಿರನ್ನು ಮೂಗಿನ ತುದಿಯಲ್ಲೇ ಬಿಡಬೇಕು, ಕೆಮ್ಮು ಬಂದರೆ ನುಂಗಬೇಕು, ನಗು ಬಂದರೂ ನುಂಗಬೇಕು. ಆಮೇಲಿನ ವೀಡಿಯೋಗಳಲ್ಲಿ ಅವಳು ಇದ್ದಳೆಂಬುದಕ್ಕೆ ಒಂದು ಗುರುತೂ ಇಲ್ಲ. ಎಲ್ಲರೂ ಭೇಷ್ ಅಂದರು.

ಹೀಗಿರುವಾಗ ಎಲ್ಲರ ಕೈಗೂ ಫೋನು ಬಂತು, ಮದುವೆಗಳಿಗೆ ಸ್ಟುಡಿಯೋದವರು ಬಂದರು, ಅವರ ಹಿಂದೆ ಹಾರುವ ಡ್ರೋನೂ ಬಂತು. ಅನುವಿನ ಮದುವೆ ನಿಶ್ಚಯವಾದಾಗ ಕುಸುಮಾ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಂದಳು: "ಈ ಸಲ ಸ್ಟುಡಿಯೋದವ್ರು ಬರ್ತಾರೆ ಅಕ್ಕ. ನೀವು ಆರಾಮಾಗಿ ಕೂತ್ಕೊಳ್ಳಿ."

ಎಲ್ಲಿ ಕೂರಬೇಕು ಎಂದು ಶಿವಕ್ಕ ಕೇಳಲಿಲ್ಲ, ಗೊತ್ತಿತ್ತು. ಎರಡು ದಿನ ಅನ್ನ ಸೇರಲಿಲ್ಲ. ತಾನು ಎತ್ತಿ ಬೆಳೆಸಿದ ಹುಡುಗಿಗೆ ಅರಿಶಿನ ಹಚ್ಚುವುದನ್ನು ಅಡುಗೆಮನೆಯ ಬಾಗಿಲಿಂದ ಕತ್ತು ಚಾಚಿ ನೋಡಬೇಕೇ? ಮೂರನೇ ದಿನ ಅನುವನ್ನು ಹಿಡಿದಳು. "ಅವರೆಲ್ಲ ಸಿನಿಮಾ ಹಾಡು ಹಾಕ್ಬಿಡ್ತಾರೆ ಕಣೇ. ಅವ್ವನ ಸೋಬಾನೆ ದನಿ ಸಮೇತ ನಾನು ಹಿಡಿದಿಡ್ತೀನಿ, ಅವ್ವಂಗೂ ವಯಸ್ಸಾಯ್ತು."

"ಹೌದಲ್ವಾ ಅತ್ತೆ, ಸೂಪರ್ ಐಡಿಯಾ" ಅಂದಳು ಅನು. ಅರಿಶಿನದ ಶಾಸ್ತ್ರದಲ್ಲಿ ಶಿವಕ್ಕನಿಗೆ ಒಂದು ಮಾರು ದೂರದ ಜಾಗ ಸಿಕ್ಕಿತು.

ಮನೆಯ ಮುಂದೆ ಚಪ್ಪರ, ಮಣೆಯ ಮೇಲೆ ಅನು, ಸುತ್ತ ಮುತ್ತೈದೆಯರು. ಪಾಪಮ್ಮ ಪದ ಎತ್ತಿಕೊಂಡಳು. ಅರಿಶಿನ ಯಾವ ಊರಲ್ಲಿ ಬೆಳೆಯಿತು, ಯಾರು ಬೇಯಿಸಿದರು, ಯಾರು ಕುಟ್ಟಿದರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೋಗುವ ಉದ್ದನೆಯ ಪದ. ಮೂರನೇ ಸಾಲಿಗೆ ಮುದುಕಿ ತಡವರಿಸಿದಳು. ಎಪ್ಪತ್ತೈದು ದಾಟಿತ್ತು, ಬೇಯಿಸಿದವರು ಯಾರೆಂಬುದು ನೆನಪಿಗೆ ಬರಲೊಲ್ಲದು. ಶಿವಕ್ಕ ಕ್ಯಾಮೆರಾ ಹಿಂದಿನಿಂದ ಮೆಲ್ಲಗೆ ಸಾಲು ಎತ್ತಿಕೊಟ್ಟಳು. ಅವ್ವ ಹಿಡಿದುಕೊಂಡಳು, ಮತ್ತೆ ಬಿಟ್ಟಳು, ಮತ್ತೆ ಶಿವಕ್ಕ ಎತ್ತಿಕೊಟ್ಟಳು. ಅನುವಿನ ಕೆನ್ನೆಯ ಅರಿಶಿನ ನೋಡುತ್ತಾ ನೋಡುತ್ತಾ ಅವಳಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ, ಅವ್ವ ಬಿಟ್ಟ ಸಾಲನ್ನೆಲ್ಲ ತಾನೇ ಹಾಡಿದಳು. ಮಕ್ಕಳ ಗಲಾಟೆ, ಸ್ಟುಡಿಯೋದವರ ಕೂಗಾಟ, ಮಿಕ್ಸಿಯ ಸದ್ದು, ಯಾರಿಗೂ ಏನೂ ಕೇಳಿಸಲಿಲ್ಲ.

ಮಾರನೆಯ ದಿನ ಚಂದ್ರಾ ಲೇಔಟಿನ ಕಲ್ಯಾಣ ಮಂಟಪದಲ್ಲಿ ಧಾರೆಯ ಹೊತ್ತಿಗೆ ಅವಳು ಕ್ಯಾಮೆರಾ ಎತ್ತಿಕೊಂಡು ಮುಂದೆ ಹೋದಾಗ ಸ್ಟುಡಿಯೋದ ಹುಡುಗನೊಬ್ಬ ಭುಜ ಮುಟ್ಟಿ, "ಆಂಟಿ, ಫ್ರೇಮಲ್ಲಿ ಬರ್ತಾ ಇದೀರ, ಸ್ವಲ್ಪ ಹಿಂದೆ" ಅಂದ. ಹಿಂದೆ ಸರಿದಳು. "ಇನ್ನೂ ಸ್ವಲ್ಪ ಆಂಟಿ" ಅಂದ. ಹೀಗೆ ಸರಿಯುತ್ತಾ ಸರಿಯುತ್ತಾ ಊಟದ ಹಾಲಿನ ಬಾಗಿಲಿಗೆ ಬಂದು ನಿಂತಳು. ಗಟ್ಟಿಮೇಳ ಕೇಳಿಸಿತು. ಅಲ್ಲಿಂದ ಕಂಡದ್ದು ಬರೀ ಬೆನ್ನುಗಳು. ಮನೆಗೆ ಬಂದವಳೇ ಕ್ಯಾಮೆರಾವನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಹಾಕಿದಳು, ಏನು ಹಿಡಿದಿದ್ದೇನೆ ಎಂದು ತೆಗೆದು ನೋಡಲೂ ಇಲ್ಲ.

ಮರುವರ್ಷದ ಆಷಾಢದಲ್ಲಿ ಪಾಪಮ್ಮ ಮುತ್ತೈದೆಯಾಗಿಯೇ ಹೋದಳು. ಪುಣ್ಯವಂತೆ ಎಂದು ಊರೇ ಹೊಗಳಿತು. ಅದಕ್ಕೆ ಎರಡು ತಿಂಗಳ ಮುಂಚೆ ಅನುವಿಗೆ ಹೊಟ್ಟೆಯಲ್ಲಿದ್ದದ್ದು ನಿಂತಿರಲಿಲ್ಲ. ಯಾರ ಕಣ್ಣು ತಾಗಿತೋ, ಯಾವ ಶಾಸ್ತ್ರ ತಪ್ಪಿತೋ ಎಂದು ಮುನಿಲಕ್ಷ್ಮಮ್ಮ ಬಂದವರೆದುರೆಲ್ಲ ಲೊಚಗುಟ್ಟುತ್ತಿದ್ದಳು.

ಹನ್ನೊಂದನೇ ದಿನ ತಿಥಿಯ ಊಟವಾದ ಮೇಲೆ ಅಜ್ಜಿಯ ದನಿ ಕೇಳಬೇಕು ಎಂದು ಅನು ಹಟ ಹಿಡಿದಳು. ಅವಳ ತಮ್ಮ ಸಂಪತ್ ಮದುವೆಯ ವೀಡಿಯೋವನ್ನು ಟೀವಿಗೆ ಹಾಕಿದ. ಅಜ್ಜಿಯ ಬಾಯಿ ಆಡುತ್ತಿತ್ತು, ಕೇಳುತ್ತಿದ್ದದ್ದು ಸಿನಿಮಾ ಹಾಡು. ಅನು ತಟ್ಟನೆ ತಿರುಗಿದಳು. "ಅತ್ತೆ, ನಿಮ್ಮ ಕ್ಯಾಮೆರಾ!"

ಎಲ್ಲರೂ ಶಿವಕ್ಕನ ಕಡೆ ನೋಡಿದರು. ಎಷ್ಟು ದಿನವಾಗಿತ್ತು ಹಾಗೆ ಎಲ್ಲರೂ ನೋಡಿ! ಓಡಿ ಹೋಗಿ ಟ್ರಂಕು ತೆಗೆದು ತಂದಳು. ಸಂಪತ್ ಕಾರ್ಡು ತೆಗೆದು ಟೀವಿಗೆ ಸಿಕ್ಕಿಸಿದ.

ಹಾಡು ಬಂತು. ದೂರದಲ್ಲಿ ಪಾಪಮ್ಮನ ತೆಳ್ಳನೆಯ ದನಿ. ಹತ್ತಿರದಲ್ಲಿ, ಕೋಣೆ ತುಂಬುವ ಹಾಗೆ, ಇನ್ನೊಂದು ದನಿ. ಸುಮಾರು ವರ್ಷ ಮುಚ್ಚಿಟ್ಟಿದ್ದ ಪಾತ್ರೆಯ ಹಾಗೆ ಮೊದಲು ಸ್ವಲ್ಪ ಕಿಲುಬು, ಆಮೇಲೆ ತಿಳಿ.

"ಯಾರಪ್ಪ ಇದು, ಇಷ್ಟು ಚೆನ್ನಾಗಿ ಹಾಡ್ತಾ ಇರೋದು?" ಅಂದಳು ಕುಸುಮಾ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಇಪ್ಪತ್ತಾರು ವರ್ಷ ಒಂದೇ ಒಲೆಯ ಅನ್ನ ಉಂಡವರಿಗೆ ಆ ದನಿಯ ಗುರುತು ಹತ್ತಲಿಲ್ಲ. ಸಂಪತ್ ಮುನಿಲಕ್ಷ್ಮಮ್ಮನ ಕಡೆ ನೋಡಿ, "ನೀವಾ ಅಜ್ಜಿ?" ಅಂದ.

ಮುನಿಲಕ್ಷ್ಮಮ್ಮ ಒಂದು ಗಳಿಗೆ ಕಿವಿಗೊಟ್ಟಳು. "ನಾನೇ ಇರ್ಬೇಕು ಕಣಪ್ಪ. ಅವಾಗ ನನ್ ಕಂಠ ಚೆನ್ನಾಗಿತ್ತು."

ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಪ್ಪ ಬೈರಯ್ಯ ತಲೆ ಎತ್ತಿದ. ಕಿವಿ ಮಂದ, ಮಾತು ಕಡಿಮೆ. ಟೀವಿಯತ್ತ ನೋಡುತ್ತಾ ಸ್ಪಷ್ಟವಾಗಿ ಅಂದ: "ಶಿವಿ."

"ಅಕ್ಕ, ಅಪ್ಪ ಕರೀತಾವ್ರೆ, ನೀರು ಬೇಕೇನೋ ನೋಡು" ಅಂದ ರಾಮಯ್ಯ.

ಅವಳು ನೀರು ತಂದಳು. ಅಪ್ಪ ಕುಡಿಯಲಿಲ್ಲ, ಲೋಟ ಹಿಡಿದ ಅವಳ ಕೈಯನ್ನೇ ಹಿಡಿದುಕೊಂಡು ಕೂತ.

"ಅತ್ತೆ, ನೀವೇ ಹಿಡ್ಕೊಂಡಿದ್ರಲ್ಲ. ನಿಮ್ ಪಕ್ಕದಲ್ಲಿ ಯಾರಿದ್ರು?" ಎಂದು ಅನು ಕೇಳಿದಳು.

ನಾನೇ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪಕ್ಕದಲ್ಲೇ ಮುನಿಲಕ್ಷ್ಮಮ್ಮ ಕೂತಿದ್ದಳು. ಅರಿಶಿನದ ಶಾಸ್ತ್ರದಲ್ಲಿ ಗಂಡ ಸತ್ತವಳು ಸೋಬಾನೆ ಹೇಳಿದಳಂತೆ ಅನ್ನುವುದು ಗೊತ್ತಾದರೆ, ಅನುವಿನ ಬರಿದಾದ ಹೊಟ್ಟೆಗೆ ಕಾರಣ ಸಿಕ್ಕಿಬಿಡುತ್ತಿತ್ತು. ಊರಿನವರು ಅಂದುಕೊಂಡರೆ ಅಂದುಕೊಳ್ಳಲಿ. ಅನುವೇ ಹಾಗೆ ಅಂದುಕೊಂಡರೆ?

"ಗ್ಯಾನ ಇಲ್ಲ ಕಣೇ" ಅಂದಳು ಶಿವಕ್ಕ. "ಯಾರೋ ನೆಂಟ್ರು."

"ಹೋಗ್ಲಿ ಬಿಡಿ, ಈಗ ಆಪ್ ಇದೆ" ಅಂದ ಸಂಪತ್. "ಆ ದನಿ ತೆಗ್ದು ಬರೀ ಅಜ್ಜಿದು ಉಳಿಸ್ಬೋದು." ಮುನಿಲಕ್ಷ್ಮಮ್ಮನಿಗೆ ಸಿಟ್ಟು ಬಂತು, ತನ್ನ ದನಿ ಇವನಿಗೆ ಬೇಡವಾಯಿತಲ್ಲ ಎಂದು.

ನಾಲ್ಕು ದಿನದ ಮೇಲೆ ಮನೆಯವರ ವಾಟ್ಸಾಪ್ ಗುಂಪಿಗೆ ಹಾಡು ಬಂತು. ಶಿವಕ್ಕ ಕೆಳಗಿನ ತನ್ನ ಕೋಣೆಯಲ್ಲಿ, ಸಿಮೆಂಟ್ ಗೋಡೌನಿಗೆ ಅಂಟಿಕೊಂಡ ಕಿಟಕಿಯ ಹತ್ತಿರ ಕೂತು ಫೋನು ಕಿವಿಗಿಟ್ಟುಕೊಂಡಳು. ಅವ್ವನ ದನಿ ಅಷ್ಟೇ, ತೊಳೆದಿಟ್ಟ ಹಾಗೆ. ಮೂರನೇ ಸಾಲಿಗೆ ನಿಂತುಹೋಯಿತು. ಏನೂ ಇಲ್ಲ, ಬಳೆಯ ಸದ್ದೂ ಇಲ್ಲ. ಮತ್ತೆ ಅವ್ವ. ಮತ್ತೆ ಏನೂ ಇಲ್ಲ. ಅವ್ವ ಮರೆತಲ್ಲೆಲ್ಲ ಹಾಡಿದ್ದು ಶಿವಕ್ಕ ತಾನೇ, ಅವಳನ್ನು ತೆಗೆದ ಮೇಲೆ ಪದದ ತುಂಬ ತೂತು. ಗುಂಪಿನಲ್ಲಿ ಇಪ್ಪತ್ತು ಮಂದಿ ಕೈಮುಗಿದಿದ್ದರು. ಅರಿಶಿನ ಬೇಯಿಸಿದವರು ಯಾರು ಎಂದು ಒಬ್ಬರೂ ಕೇಳಿರಲಿಲ್ಲ. ಅವಳೂ ಕೈಮುಗಿದ ಚಿತ್ರ ಒತ್ತಿ ಕಳಿಸಿದಳು.

ಆಮೇಲೆ ಬಾಗಿಲು ಹಾಕಿದಳು. ಸಂಪತ್ ಹಿಂದಿರುಗಿಸಿದ್ದ ಕ್ಯಾಮೆರಾವನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು, ಮೊದಲ ಸಲ ತನ್ನ ಕಡೆಗೆ ತಿರುಗಿಸಿ, ಗುಂಡಿ ಒತ್ತಿದಳು. ಓಡಿ ಬಂದು ಮಂಚದ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಇಡೀ ಪದ, ಒಂದು ಸಾಲೂ ಬಿಡದೆ, ಗಟ್ಟಿಯಾಗಿ ಹಾಡಿದಳು. ಕೆಮ್ಮು ಬಂದಾಗ ಕೆಮ್ಮಿದಳು.

ಮುಗಿಸಿ ಹಾಕಿ ನೋಡಿದಳು. ದನಿಯೆಲ್ಲ ಚೆನ್ನಾಗಿ ಬಂದಿತ್ತು. ಡಬ್ಬ ತಗ್ಗಾಗಿತ್ತು, ಹಾಗಾಗಿ ಸೀರೆಯ ನೆರಿಗೆಯೂ ಮಡಿಲಿನ ಮೇಲಿನ ಎರಡು ಕೈಗಳೂ ಮಾತ್ರ ಕಾಣುತ್ತಿದ್ದವು. ಯಾರಾದರೂ ಹಿಡಿದುಕೊಂಡಿದ್ದರೆ ಮುಖವೂ ಬರುತ್ತಿತ್ತು.