ಇಳಿಯದ ಮುದ್ದೆ

ಅಪ್ಪ ತಟ್ಟೆ ಎಸೆಯುತ್ತಿದ್ದರು. ಎಷ್ಟು ಸಲ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನೆನಪಿನಲ್ಲಿ ದಿನವೂ ಎಸೆಯುತ್ತಾರೆ. ಗೋಡೆಯ ಮೇಲಿದ್ದ ಸಾರಿನ ಕಲೆ ಮಾತ್ರ ಒಂದೇ. ಬಹುಶಃ ಅವರು ಒಮ್ಮೆ ಎಸೆದ ತಟ್ಟೆಯನ್ನು ನಾನು ಬೇಕಾದಷ್ಟು ಸಲ ಎಸೆಸಿದ್ದೇನೆ. ಉಗಿಯುತ್ತಿದ್ದದ್ದು ಖಂಡಿತ. ಮೊದಲ ತುತ್ತು ಬಾಯಿಗಿಟ್ಟು, ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸುತ್ತಿದ್ದರು. ಉಪ್ಪು ಕಮ್ಮಿ ಎಂಬುದಕ್ಕೆ ಅವರ ಸನ್ನೆ ಅದು. ಆಮೇಲೆ ತುತ್ತನ್ನು ತಟ್ಟೆಯ ಅಂಚಿಗೆ ಉಗಿಯುತ್ತಿದ್ದರು. ಅಮ್ಮ ಉಪ್ಪಿನ ಡಬ್ಬಿ ತಂದಿಡುತ್ತಿದ್ದಳು. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಅದೇ ಸಾರಿನಲ್ಲಿ ಎರಡು ಮುದ್ದೆ ಉಂಡು ಏಳುತ್ತಿದ್ದರು.

ಆದ್ದರಿಂದ ಒಂದು ದಿನ ಅವರು "ಮುದ್ದೆ ಇಳೀತಿಲ್ಲ" ಅಂದಾಗ ಯಾರೂ ತಲೆಯೆತ್ತಿ ನೋಡಲಿಲ್ಲ. ಮತ್ತಿಕೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆ ನಮ್ಮದು. ಮೇಲೆ ಮಹಡಿಗಳೆದ್ದು ಕಾಲೇಜಿನವರು ಬಾಡಿಗೆಗೆ ಬಂದರೂ ಕೆಳಗೆ ಮಧ್ಯಾಹ್ನಕ್ಕೆ ಮುದ್ದೆಯೇ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ನುಂಗಲಾಗದವರು ಮಾಡಿದವಳನ್ನು ಬೈಯುತ್ತಾರೆ.

"ಗಂಟ್ ಗಂಟ್ ಮಾಡಿದೀಯ. ಇಟ್ಟು ತಿರುವೋಕ್ ಬರಲ್ವಾ ನಿಂಗೆ?"

"ಮದ್ವೆ ಆದಾಗ್ನಿಂದ ಇಂಗೇ ತಿರುವ್ತಿರೋದು. ಈಗೆಲ್ಲಿಂದ ಬಂತು ಗಂಟು?"

ಅಮ್ಮ ಮುದ್ದೆಯನ್ನು ಮೆತ್ತಗೆ ಮಾಡಿದಳು, ಇನ್ನೂ ಮೆತ್ತಗೆ ಮಾಡಿದಳು, ಕೊನೆಗೆ ಅಂಬಲಿಯನ್ನೇ ಮಾಡಿದಳು. ಅಪ್ಪನ ಅಂಗಿ ದೊಡ್ಡದಾಗುತ್ತ ಹೋಯಿತು. ಗಂಗಾನಗರದ ನನ್ನ ಮನೆಯಿಂದ ಒಂದು ಭಾನುವಾರ ಬಂದವಳು "ಏನಪ್ಪಾ, ಡಯಟ್ಟಾ?" ಎಂದು ನಕ್ಕೆ. ಆ ನಗುವನ್ನು ಅಳಿಸಲು ನೋಡಿದ್ದೇನೆ, ಹೋಗಿಲ್ಲ.

ಅಂಬಲಿಯೂ ಇಳಿಯದೆ ಮೂಗಿನಿಂದ ವಾಪಸು ಬಂದ ದಿನ ಆಸ್ಪತ್ರೆಗೆ ಹೋದೆವು. ಅನ್ನನಾಳದಲ್ಲಿ ಗೆಡ್ಡೆ. ಕ್ಯಾನ್ಸರ್. ತೆಗೆಯುವ ಹಂತ ದಾಟಿತ್ತು.

ಆ ಆಸ್ಪತ್ರೆಯ ಹಜಾರದಲ್ಲಿ ಯಾರೂ ಊರು ಕೇಳುವುದಿಲ್ಲ, "ನಿಮ್ದೆಲ್ಲಿ?" ಎಂದು ಕೇಳುತ್ತಾರೆ. ಉತ್ತರಕ್ಕೆ ಭಾಷೆ ಬೇಡ. ಬಂಗಾಳದ ಕಡೆಯ ಮುದುಕನೊಬ್ಬ ಹೊಟ್ಟೆಯ ಮೇಲೆ ಕೈಯಿಟ್ಟ. ಆರ್.ಟಿ. ನಗರದ ಬುರ್ಖಾ ತೊಟ್ಟ ಹೆಂಗಸು ಹೊಕ್ಕುಳಿನ ಕೆಳಗೆ ತೋರಿಸಿ ತಲೆ ತಗ್ಗಿಸಿದಳು. ಆಫ್ರಿಕಾದ ಯಾವುದೋ ದೇಶದ ಎತ್ತರದ ಮನುಷ್ಯ, ಅಪ್ಪನ ಹಾಗೆಯೇ, ಎದೆಯ ನಡುವೆ ಬೆರಳಿಟ್ಟ. ಬಾಯಿಂದ ಗುದದವರೆಗೆ ಅನ್ನ ಹೋಗುವ ದಾರಿಯುದ್ದಕ್ಕೂ ಒಬ್ಬೊಬ್ಬರು ಒಂದೊಂದು ಕಡೆ ಸಿಕ್ಕಿಹಾಕಿಕೊಂಡು ಕೂತಿದ್ದರು. ಎದೆಯ ಮೇಲೆ ಬೆರಳಿಟ್ಟ ಆ ಎತ್ತರದವನೂ ತನ್ನ ಮನೆಯಲ್ಲಿ ಅಡುಗೆ ಮಾಡಿದವಳನ್ನು ಬೈದೇ ಬಂದಿರಬಹುದೇ ಎಂದು ನನಗನ್ನಿಸಿತು.

"ಇದು ಪ್ರಪಂಚದಲ್ಲೆಲ್ಲ ಇದೆ, ನಿಮಗೊಬ್ರಿಗೇ ಅಲ್ಲ," ಎಂದರು ಡಾಕ್ಟರು, ಸಮಾಧಾನಕ್ಕೆ.

"ಅಂಗಾದ್ರೆ ನಂದೂ ಅವ್ರಿಗೇ ಕೊಟ್ಬಿಡಿ," ಎಂದರು ಅಪ್ಪ. ದನಿ ಆಗಲೇ ಗೊರಗೊರ ಅನ್ನುತ್ತಿತ್ತು.

ಹೊಟ್ಟೆಗೆ ತೂತು ಮಾಡಿ ಪೈಪು ಇಟ್ಟರು. ಸೋಸಿದ ಗಂಜಿ, ಬೇಳೆಕಟ್ಟು, ಎಲ್ಲ ಸಿರಿಂಜಿನಿಂದ ನೇರ ಒಳಕ್ಕೆ. ಬಾಯಿಗೆ ಇನ್ನು ಕೆಲಸವಿಲ್ಲ. ಹೊರಡುವಾಗ ನರ್ಸ್ ಹೇಳಿದಳು, "ತೀರಾ ಆಸೆ ಆದ್ರೆ ಬಾಯಲ್ಲಿಟ್ಕೊಂಡು ರುಚಿ ನೋಡಿ ಉಗೀಲಿ. ನುಂಗ್ಬಾರ್ದು, ಅಷ್ಟೆ."

ಯಶವಂತಪುರದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಅಮ್ಮ ಹೊರಗೆ ನೋಡುತ್ತ ಹೇಳಿದಳು, "ನಾನ್ ಮಾಡಿದ್ದನ್ನ ಉಗ್ದಿದ್ದು ಸಾಕು."

ಅಪ್ಪ ನಮ್ಮಿಬ್ಬರ ನಡುವೆ ಕೂತು ಕೇಳಿಸಿಕೊಂಡರು.

ಆಮೇಲೆ ದಿನಕ್ಕೆ ಐದು ಸಲ ಅವಳೇ ಸಿರಿಂಜು ಹಿಡಿದಳು. ಗಂಟೆ ತಪ್ಪಲಿಲ್ಲ. ಪೈಪು ಕಟ್ಟಿಕೊಳ್ಳಲು ಬಿಡಲಿಲ್ಲ, ಗಾಯ ಕೀವಾಗಲು ಬಿಡಲಿಲ್ಲ. ಪ್ರತಿ ಸಲವೂ ಸುರಿಯುವ ಮುಂಚೆ ಕೇಳುತ್ತಿದ್ದಳು, "ಉಪ್ಪು ಸರಿಯಾಗೈತೇನ್ರೀ?"

ಮೊದಲ ಸಲ ಅದು ತಮಾಷೆ ಎಂದುಕೊಂಡೆ.

ಅವರೆಕಾಯಿಯ ಕಾಲ ಬಂತು. ಬೀದಿಯ ತುಂಬ ಅದರ ಸೊಗಡು. ಮಾತು ನಿಂತಿದ್ದ ಅಪ್ಪನ ಕೈಗೆ ನಾನೊಂದು ಸ್ಲೇಟು ಕೊಟ್ಟಿದ್ದೆ. ಅವರು ಬರೆದರು: ಹಿತುಕಿದ ಬೇಳೆ ಸಾರು. ಅದನ್ನು ಅಳಿಸಿ ಬರೆದರು: ಒಂದೇ ಚಮಚ. ಅಮ್ಮ ಓದಿ, ಸ್ಲೇಟನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು. ಮರುದಿನವೂ ಅದೇ. ಅದರ ಮರುದಿನವೂ. ಹೊರಗಿನಿಂದ ತಂದು ನಾನು ಕದ್ದು ಕೊಡಬಹುದಿತ್ತು. ಅಮ್ಮನಿಗೆ ಹೆದರಿ ಕೊಡಲಿಲ್ಲ ಎಂದು ಬರೆಯಲು ಹೊರಟಿದ್ದೆ. ಹೆದರಿಕೆಯಲ್ಲ. ಎಲ್ಲಿಯವರೆಗೆ ಬೇಡುತ್ತಾರೆ ಎಂದು ನನಗೂ ನೋಡಬೇಕಾಗಿತ್ತು.

ಒಂದು ಮಧ್ಯಾಹ್ನ ಅಮ್ಮ ತಾನೇ ಬಟ್ಟಲು ತಂದು ನನ್ನ ಕೈಗಿಟ್ಟಳು. "ಕೊಡು. ಉಗಿಯೋಕೆ ಬೇಸನ್ ಅಲ್ಲೈತೆ."

ಕರಗಿದಳು ಎಂದುಕೊಂಡೆ. ಕಣ್ಣು ತುಂಬಿತು. ಅಪ್ಪ ದಿಂಬಿಗೊರಗಿ ಬಾಯಿ ತೆರೆದರು. ಸಾರನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಬೀದಿಯಲ್ಲಿ ತರಕಾರಿ ಗಾಡಿಯ ಮೈಕು ಎರಡು ಸಲ ಕೂಗಿ ಮುಂದೆ ಹೋಯಿತು. ಆಮೇಲೆ ಕಣ್ಣು ಬಿಟ್ಟು, ಅಮ್ಮನ ಕಡೆ ನೋಡಿ, ಕೈಯೆತ್ತಿ, ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರು.

ಬೇಸನ್ನಿಗೆ ಉಗಿದರು.

"ಈಗ್ಲೂನಾ ಅಪ್ಪಾ? ನಾಚಿಕೆ ಆಗಲ್ವಾ ನಿಮ್ಗೆ?" ಅಂದೆ, ಸಾಯುತ್ತಿರುವ ಮನುಷ್ಯನಿಗೆ. ಅವರು ಸ್ಲೇಟಿಗೆ ಕೈ ಚಾಚಿದರು. ನಾನು ಅದನ್ನು ದೂರ ಸರಿಸಿದೆ. ಅಮ್ಮ ಬೇಸನ್ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಕೂತು ಅದೇ ಸಾರಿನಲ್ಲಿ ನಾನು ಎರಡು ಮುದ್ದೆ ಉಂಡೆ. ಉಪ್ಪು ಸರಿಯಾಗಿತ್ತು. ಇದರಲ್ಲಿ ನೆನಪಿನ ಕೈವಾಡವಿಲ್ಲ. ಉಣ್ಣುವಾಗ ಅಪ್ಪನ ಮೇಲಿನ ಸಿಟ್ಟಿಗೆ ಅದೇ ಆಧಾರವಾಗಿತ್ತು.

ಅಪ್ಪ ಮತ್ತೆ ಚಮಚ ಕೇಳಲಿಲ್ಲ. ಸಂಕ್ರಾಂತಿಯಾದ ಒಂದು ವಾರಕ್ಕೆ ಹೋದರು.

ಈ ಸಲದ ಅವರೆಯ ಕಾಲದಲ್ಲಿ ಅಮ್ಮನೂ ನಾನೂ ನೆನೆಸಿದ ಕಾಳಿನ ಸಿಪ್ಪೆ ಹಿತುಕಿ ತೆಗೆಯುತ್ತ ಕೂತಿದ್ದೆವು. ಅವಳ ಪರ ವಹಿಸುವವಳ ಹಾಗೆ ಹೇಳಿದೆ, "ಅವತ್ತು ಅಪ್ಪ ಹಂಗ್ ಮಾಡ್ಬಾರ್ದಾಗಿತ್ತು."

"ಅವ್ರದ್ದೇನ್ ತಪ್ಪು? ಅವ್ರ ಬಟ್ಲಿಗೆ ಉಪ್ಪಾಕೋಕ್ ಮುಂಚೇನೇ ತೆಗ್ದಿಟ್ಟಿದ್ದೆ." ಅವಳ ಬೆರಳ ಸಂದಿನಿಂದ ಕಾಳು ಚಿಮ್ಮಿ ಪಾತ್ರೆಗೆ ಬಿತ್ತು. "ಮದ್ವೆ ಆದಾಗ್ನಿಂದ ಸರಿ ಇದ್ದಿದ್ದನ್ನ ಇಲ್ಲ ಅಂದ್ರು. ಒಂದ್ ಸಲ ನಿಜ ಹೇಳ್ಲಿ ಅಂತ."

"ಮುದ್ದೆ ಇಳೀತಿಲ್ಲ ಅಂದಿದ್ದು ನಿಜಾನೇ ಅಲ್ವೇನಮ್ಮಾ?"

ಅಮ್ಮ ಹಿತುಕುವುದನ್ನು ನಿಲ್ಲಿಸಲಿಲ್ಲ.

"ಅದುನ್ನ ನೀನೂ ನಂಬ್ಲಿಲ್ವಲ್ಲೇ," ಅಂದಳು.