ಹಕ್ಕಿಗೆ ಹೊಲಿದ ಕೌದಿ

ಟ್ರಂಕಿನ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಒಣಗಿದ ಬೇವಿನೆಲೆಯ ವಾಸನೆ. ಆಮೇಲೆ ಕೈಗೆ ಸಿಕ್ಕಿದ್ದು ಆ ಪುಟ್ಟ ಕೌದಿ. ಮೊಮ್ಮಗಳಿಗೆಂದು ಮಗಳು ಹುಬ್ಬಳ್ಳಿಯಿಂದ ಒಂದು ಜೋಡಿ ಕಾಕಟೀಲ್ ಹಕ್ಕಿ ತಂದಿದ್ದಾಳೆ. ಚಳಿ ಶುರುವಾಗಿದೆ, ಪಂಜರಕ್ಕೆ ಹೊದಿಸಲು ಹಳೆಯ ಬಟ್ಟೆ ಹುಡುಕುತ್ತಿದ್ದೆ. ಇದು ಸಿಗಬಾರದಿತ್ತು...

ಬೆಟಗೇರಿಯ ನಮ್ಮ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹೊಂದಿಕೊಂಡ ಮನೆ ಇದನ್ನು ಹೊಲಿದವರದು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿಟ್ಟು ಕೌದಿ ಹೊಲಿದುಕೊಡುತ್ತಿದ್ದರು. ಚಿಕ್ಕಮ್ಮನ ಸಲಿಗೆಯಲ್ಲಿ ನಾವೆಲ್ಲ ಅವರನ್ನು ಕಾಕು ಎನ್ನುತ್ತಿದ್ದೆವು. ಅಳಿಯ ತಂದುಕೊಟ್ಟ ಎರಡು ಕಾಕಟೀಲ್‌ಗಳೆಂದರೆ ಅವರಿಗೆ ಜೀವ. ಬೇಸಿಗೆಯಲ್ಲಿ ಒದ್ದೆ ಗೋಣಿಚೀಲವನ್ನು ಕಿಟಕಿಗೆ ಕಟ್ಟುವರು, ಪಂಜರಕ್ಕೆ ಮಾತ್ರ ತಾಗಿಸುತ್ತಿರಲಿಲ್ಲ. ಅಗಲ ತಟ್ಟೆಯಲ್ಲಿ ನೀರಿಟ್ಟು, ಅವು ರೆಕ್ಕೆ ತೋಯಿಸಿಕೊಳ್ಳುವುದನ್ನು ಸೂಜಿ ನಿಲ್ಲಿಸಿ ನೋಡುವರು. ಚಳಿಗಾಲಕ್ಕೆಂದೇ ಈ ಕೌದಿ ಹೊಲಿದಿದ್ದರು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ತಿನಿಸು ಇಟ್ಟು ಕೌದಿಯ ಹೊಟ್ಟೆ ತುಂಬಿಸುವುದು ಅವರ ಪದ್ಧತಿ. ಮನುಷ್ಯರ ಕೌದಿಗಾದರೆ ಒಂದು ಚೂರು ಹೋಳಿಗೆ, ಇದಕ್ಕೆ ನಾಲ್ಕು ಕಾಳು ನವಣೆ.

ಒಂದು ಚಳಿಗಾಲ ಮುಂಡರಗಿಯಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಾಗ ಪಂಜರವನ್ನು ನನಗೆ ಒಪ್ಪಿಸಿದರು.

"ಮುಂಜಾನಿ ಎಳಿಬಿಸಲಾಗ ಸ್ವಲ್ಪ ಹೊತ್ತು ಇಡು, ಅರ್ಧ ನೆರಳಿರ್ಲಿ. ಹೊತ್ತು ಮುಣುಗಿದ ಕೂಡ್ಲೆ ಒಳಗ ತಂದು ಮೂರು ಕಡಿ ಕೌದಿ ಹೊಚ್ಚು. ಮುಂದಿನ ಕಡಿ ತೆರದಿರ್ಲಿ, ಉಸುರಾಡಬೇಕಲ್ಲ. ಗಾಳಿಗೆ ಮಾತ್ರ ಬಿಡಬ್ಯಾಡವಾ."

"ಆತು ಕಾಕು, ಚಿಂತಿ ಮಾಡಬ್ಯಾಡ್ರಿ" ಎಂದೆ.

ಹತ್ತು ದಿನ ಹೇಳಿದಂತೆಯೇ ಮಾಡಿದೆ. ಹನ್ನೊಂದನೆಯ ದಿನ ಹೊತ್ತು ಮುಳುಗಿದ ಮೇಲೆ ನಾದಿನಿಯನ್ನು ನೋಡಲು ಲಕ್ಷ್ಮೇಶ್ವರದಿಂದ ಗಂಡಿನವರು ಬಂದರು. ಹೊಸದಾಗಿ ಸುಣ್ಣ ಬಳಿದ ಪಡಸಾಲೆ. ಅದರಲ್ಲಿ ತೇಪೆ ತೇಪೆಯ ಕೌದಿ ಹೊದ್ದ ಪಂಜರ, ಸುತ್ತ ರೆಕ್ಕೆಯ ಪುಡಿ... ನನಗೆ ಮರ್ಯಾದೆ ಹೋದಂತೆನಿಸಿತು. ಕೌದಿಯನ್ನು ಮಂಚದಡಿ ತುರುಕಿ, ಪಂಜರವನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ಬಂದೆ. ಬಂದವರು ಉಂಡು ರಾತ್ರಿ ನಮ್ಮಲ್ಲೇ ಉಳಿದರು. ಅವರಿಗೆಲ್ಲ ಹುಡುಕಿ ಹುಡುಕಿ ರಗ್ಗು ಕೊಟ್ಟ ನನಗೆ ಹಕ್ಕಿಗಳ ನೆನಪಾಗಲಿಲ್ಲ.

ಬೆಳಿಗ್ಗೆ ಗಂಡು ಹಕ್ಕಿ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಹೆಣ್ಣು ಮೈಯೆಲ್ಲ ಉಬ್ಬಿಸಿಕೊಂಡು ಅದರ ಪಕ್ಕದಲ್ಲೇ ಕುಳಿತಿತ್ತು.

ಸುದ್ದಿ ತಿಳಿದು ಬಂದ ಕಾಕು ಜಗಳವಾಡಲಿಲ್ಲ. ಒಂದೇ ಮಾತು ಕೇಳಿದರು.

"ಹೊಚ್ಚಿದ್ದೇನವಾ?"

"ಹೊಚ್ಚಿದ್ದೆ ಕಾಕು. ದಿನಾ ಹೊಚ್ಚಿದ್ದೆ."

ಎಷ್ಟು ಸರಾಗವಾಗಿ ಬಂತು ಆ ಸುಳ್ಳು... ಅವರು ಕೌದಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು.

"ಹಂಗಾರ ತಪ್ಪು ನಂದ ಬಿಡು. ಒಂದು ಪದರ ಕಮ್ಮಿ ಹಾಕೀನಿ."

ಆ ದಿನವೆಲ್ಲ ಕಟ್ಟೆಯ ಮೇಲೆ ಕುಳಿತು ಹೊಲಿಗೆ ಬಿಚ್ಚಿದರು. ತಾವು ಉಡುತ್ತಿದ್ದ ಸೀರೆಯನ್ನೇ ಹರಿದು ಒಳಗಿಟ್ಟು ಮತ್ತೆ ಹೊಲಿದರು. ಕಣ್ಣು ಮಂಜಾಗುತ್ತಿದೆ, ಸೂಜಿಗೆ ದಾರ ಪೋಣಿಸಿಕೊಡು ಎಂದರು. ಪೋಣಿಸಿಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ.

ಅಂದಿನಿಂದ ಯಾರಿಗೆ ಕೌದಿ ಹೊಲಿದುಕೊಟ್ಟರೂ "ತೆಳ್ಳಗಾತೇನ್ರಿ?" ಎಂದು ಎರಡೆರಡು ಸಲ ಕೇಳುತ್ತಿದ್ದರು. ಮೊದಲು ಹಾಗೆ ಕೇಳಿದವರೇ ಅಲ್ಲ. ಹೆಣ್ಣು ಹಕ್ಕಿಯೂ ಸತ್ತ ಮೇಲೆ ಮಗಳ ಮನೆಯಲ್ಲೇ ಇರಲು ಹೊರಟರು. ಹೋಗುವಾಗ ಕೌದಿಯನ್ನು ನನ್ನ ಕೈಗಿಟ್ಟು, "ನೀ ಅವನ್ನ ಚಲೋ ನೋಡ್ಕೊಂಡಿದ್ದಿ, ನಿನ್ನ ಹಂತೇಕ ಇರ್ಲಿ" ಎಂದರು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಮುಂಡರಗಿ ಏನು ಮಹಾ ದೂರ... ಒಮ್ಮೆ ಹೋಗಿ ಹೇಳಬಹುದಿತ್ತು.

ಮೊಮ್ಮಗಳು ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು.

"ಅಜ್ಜಿ, ಇಷ್ಟು ಸಣ್ಣ ಕೌದಿ ಇಷ್ಟ್ಯಾಕ ದಪ್ಪ ಐತಿ?"

ಮೂಲೆಯಲ್ಲಿ ನವಣೆ ಕಾಳು ಇನ್ನೂ ಬೆರಳಿಗೆ ಹತ್ತುತ್ತಿತ್ತು. ಇವಳಿಗಾದರೂ ಹೇಳೋಣವೆಂದು ಬಾಯಿ ತೆರೆದೆ.

"ಆಗ ಚಳಿ ಭಾಳ ಇರ್ತಿತ್ತವಾ" ಎಂದೆ. ಅಷ್ಟೇ ಸರಾಗವಾಗಿ ಬಂತು.